ಊದದೆ ಕುಡಿದ ಹಾಲು

ಅನ್ನನಾಳದ ಕ್ಯಾನ್ಸರ್ ಬಂದವರು ಓದಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಅವರಿಗಿಂತ ಹೆಚ್ಚಾಗಿ, ಗಂಟಲಲ್ಲಿ ಏನೋ ಸಿಕ್ಕಿಕೊಂಡಂಗೆ ಆಗಿ, ಯಾರಿಗೂ ಹೇಳದೆ, ರೊಟ್ಟಿ ಬಿಟ್ಟು ಅನ್ನಕ್ಕೆ, ಅನ್ನ ಬಿಟ್ಟು ಗಂಜಿಗೆ ಇಳಿದಿರುವವರು ಓದಲಿ. ಅಂಥವರು ನಮ್ಮ ಅಡುಗೆಮನೆಗಳಲ್ಲಿ ಬಹಳ ಜನ ಇರಬೇಕು. ಎಲ್ಲರದೂ ಆದ ಮೇಲೆ ಉಣ್ಣಕ್ಕೆ ಕೂರುವ ಹೆಂಗಸು ಏನು ಉಂಡಳು, ಎಷ್ಟು ಉಂಡಳು ಅಂತ ನೋಡುವವರು ಯಾರು?

ನಾನು ದಾವಣಗೆರೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಹುಟ್ಟಿ ಬೆಳೆದದ್ದು ಹರಿಹರ. ಅಪ್ಪ ಎಮ್ಮೆ ಕಟ್ಟಿ, ಸೈಕಲ್ಲಿಗೆ ಕ್ಯಾನು ಸಿಕ್ಕಿಸಿಕೊಂಡು ಮನೆಮನೆಗೆ ಹಾಲು ಹಾಕಿ ನನ್ನನ್ನು ಬಿಎಸ್ಸಿ, ಬಿಎಡ್ ಓದಿಸಿದ. ನಮ್ಮ ಮನೆತನದಲ್ಲಿ ಪದವಿ ಅಂತ ಪಡೆದವಳು ನಾನೇ ಮೊದಲು. ಇದನ್ನು ಎಲ್ಲಿ ಬೇಕಾದರೂ ಹೇಳುತ್ತೇನೆ, ಜಂಬ ಅಂದುಕೊಂಡರೆ ಅಂದುಕೊಳ್ಳಲಿ. ಸಗಣಿ ಬಾಚಿ, ಕೈ ತೊಳೆದುಕೊಂಡು, ಬಸ್ಸು ಹತ್ತಿ ಕಾಲೇಜಿಗೆ ಹೋದವಳು ನಾನು.

ನಮ್ಮ ಮನೆತನಕ್ಕೆ ಹೆಸರು ಬಂದದ್ದು ಮಾತ್ರ ನನ್ನ ಡಿಗ್ರಿಯಿಂದ ಅಲ್ಲ, ಅಜ್ಜಿಯಿಂದ. ಅಪ್ಪನ ಅವ್ವ. ನಾನು ಹುಟ್ಟುವ ಮುಂಚೆಯೇ ಹೋದವಳು. ಕೊನೆಗಾಲದಲ್ಲಿ ಊಟ ತ್ಯಜಿಸಿ, ಬರೀ ಹಾಲಿನ ಮೇಲೆ ಇದ್ದು ಲಿಂಗೈಕ್ಯಳಾದಳು ಅಂತ ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಹರಿಹರದ ಆಚೆ, ಹೊಳೆ ಕಡೆಗಿರುವ ನಮ್ಮ ತುಂಡು ಹೊಲದಲ್ಲಿ ಅಜ್ಜಿಯ ಗದ್ದುಗೆ ಇದೆ. ಶ್ರಾವಣದ ಕಡೇ ಸೋಮವಾರ ಅಲ್ಲಿ ಮನೆತನದವರೆಲ್ಲ ಸೇರುತ್ತೇವೆ. ಬೆರಣಿಯ ಬೆಂಕಿಯ ಮೇಲೆ ಮಡಕೆಯಲ್ಲಿ ಹಾಲು ಉಕ್ಕಿಸಿ, ಗದ್ದುಗೆಗೆ ಎಡೆ ಹಿಡಿದು, ಆಮೇಲೆ ಒಬ್ಬೊಬ್ಬರೂ ಲೋಟಕ್ಕೆ ಬಗ್ಗಿಸಿಕೊಂಡು ಕುಡಿಯಬೇಕು. ಊದಬಾರದು. ಊದಿದರೆ ಎಂಜಲು. ನಮ್ಮ ಬಾಯಿಂದ ಕುಡಿಯುವವಳು ಅಜ್ಜಿ ಅಂತ ಲೆಕ್ಕ. ಅವಳಿಗೆ ಎಂಜಲು ಕೊಡುವುದುಂಟೇ? ಹಬೆ ನಿಲ್ಲುವುದರೊಳಗೆ ಲೋಟ ಖಾಲಿ ಆಗಬೇಕು.

ಇದು ವರ್ಷಕ್ಕೊಂದು ಸಲದ ಮಾತಾಗಿದ್ದರೆ ಬೇರೆ. ನಮ್ಮ ಮನೆಯಲ್ಲಿ ದಿನಾ ಸಂಜೆ ಅಜ್ಜಿಯ ಫೋಟೋ ಮುಂದೆ ಹಾಲಿಟ್ಟು, ಹಂಗೇ ಸುಡುಸುಡುವಾಗಿ ಮಕ್ಕಳಿಗೆ ಕುಡಿಸುತ್ತಿದ್ದರು. ಕಣ್ಣಲ್ಲಿ ನೀರು ಬಂದರೂ ಊದುತ್ತಿರಲಿಲ್ಲ ನಾವು. ಓಣಿಯ ಹುಡುಗರ ಮುಂದೆ ಅದೇ ನಮ್ಮ ಬಡಾಯಿ: "ನಮ್ಮ ಮನೆಯವರಿಗೆ ಗಂಟಲು ಸುಡಲ್ಲ, ಗೊತ್ತಾ?" ಮದುವೆಯಾಗಿ ದಾವಣಗೆರೆಯ ಎಸ್.ಎಸ್. ಬಡಾವಣೆಗೆ ಬಂದ ಮೇಲೂ ನಾನು ಹಾಲು, ಚಾ ಎರಡನ್ನೂ ಒಲೆಯಿಂದ ಇಳಿಸಿದ ಹಂಗೇ ಕುಡಿಯುತ್ತಿದ್ದೆ. ನನ್ನ ಗಂಡ, ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿರುವವರು, "ನಿನ್ನ ಗಂಟಲಿಗೆ ಇನ್ಸುಲೇಷನ್ ಹಾಕಿಸ್ಕೊಂಡ್ ಬಂದೀಯೇನು?" ಅಂತ ನಗುತ್ತಿದ್ದರು.

ಮೊದಲು ಸಿಕ್ಕಿಕೊಂಡದ್ದು ಸ್ಕೂಲಿನ ಸ್ಟಾಫ್ ರೂಮಿನಲ್ಲಿ. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ. ತುತ್ತು ಎದೆಯ ನಡುವೆ ನಿಂತಿತು. ನೀರು ಕುಡಿದೆ, ನೀರೂ ವಾಪಸ್ ಬಂತು. ಪಕ್ಕದಲ್ಲಿದ್ದ ಕನ್ನಡ ಮೇಷ್ಟ್ರು, "ಏನ್ ಮೇಡಂ, ಹುಡುಗ್ರಿಗೆ ಬೈಯೋ ಮಾತು ಅಲ್ಲೇ ನಿಂತ್ಕೊಂತಾ?" ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಸ್ವಲ್ಪ ಹೊತ್ತಿಗೆ ತುತ್ತು ತಾನಾಗಿ ಇಳಿಯಿತು. ಇಳಿದ ರೀತಿ ಮಾತ್ರ ಸರಿ ಇರಲಿಲ್ಲ. ಒಳಗೆ ಯಾರೋ ಅದನ್ನು ಹಿಡಿದು, ಹಿಚುಕಿ ನೋಡಿ, ಆಮೇಲೆ ಬಿಟ್ಟಂಗೆ ಆಯಿತು.

ಆಮೇಲೆ ಆ ಹಿಡಿಯುವ ಕೈ ದಿನಾ ಬಂತು. ರೊಟ್ಟಿ ಹಿಡಿಯಿತು, ಚಪಾತಿ ಹಿಡಿಯಿತು. ನಮ್ಮೂರಲ್ಲಿ ಬೆಣ್ಣೆ ದೋಸೆ ಅಂದರೆ ಬಾಯಲ್ಲೇ ಕರಗುತ್ತೆ ಅಂತಾರೆ; ಅದೂ ನಿಂತಿತು. ಹಾಲನ್ನು ಮಾತ್ರ ಅದು ಮುಟ್ಟಲಿಲ್ಲ. ಹಾಲು, ಮಜ್ಜಿಗೆ ನೀಟಾಗಿ ಇಳಿಯುತ್ತಿದ್ದವು. ಹಾಗಾಗಿ ನಾನು ಹಾಲಿಗೆ ಬಂದೆ. ಅಷ್ಟೊತ್ತಿಗೆ ಶ್ರಾವಣ ಹಿಡಿದಿತ್ತು. ಕೇಳಿದವರಿಗೆ ಉಪವಾಸ ಅಂದೆ, ಕೇಳದವರಿಗೆ ಅದೂ ಹೇಳಲಿಲ್ಲ.

ಕಡೇ ಸೋಮವಾರ ಗದ್ದುಗೆಗೆ ಹೋದೆವು. ಎಲ್ಲರೂ ಹೋಳಿಗೆ ಊಟಕ್ಕೆ ಕೂತರು. ನಾನು ಹಾಲಿನ ಲೋಟ ಹಿಡಿದು ಬೇವಿನ ಮರದ ಕೆಳಗೆ ನಿಂತೆ. ಅಪ್ಪನ ತಂಗಿ ಗೌರತ್ತೆ ನನ್ನನ್ನು ನೋಡುತ್ತಲೇ ಇದ್ದಳು. ಎಪ್ಪತ್ತು ದಾಟಿದವಳು, ಗದ್ದುಗೆ ನೋಡಿಕೊಳ್ಳುವವಳು ಅವಳೇ. ಹತ್ತಿರ ಬಂದಳು.

"ಸುಮಾ, ರೊಟ್ಟಿ ಬಿಟ್ಟು ಎಷ್ಟ್ ದಿನ ಆತವ್ವ?"

"ಆತತ್ತೆ, ತಿಂಗಳ ಮೇಲಾತು."

"ಅನ್ನ?"

"ಅದೂ ಬ್ಯಾಡ ಅನ್ನಿಸ್ತೈತೆ."

ಗೌರತ್ತೆ ನನ್ನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು. "ನಮ್ಮವ್ವ ಹಿಂಗೇ ಶುರು ಮಾಡಿದ್ಲು," ಅಂದಳು. ಅಂದವಳೇ ಬಗ್ಗಿ ನನ್ನ ಪಾದ ಮುಟ್ಟಿದಳು.

ಹಿರಿಯರು ಕಿರಿಯರ ಕಾಲು ಮುಟ್ಟುವುದು ನಮ್ಮಲ್ಲಿ ಇಲ್ಲ. "ಅತ್ತೆ, ಏನ್ ಮಾಡ್ತೀಯ, ಬಿಡು," ಅಂತ ಹಿಂದೆ ಸರಿದೆ. ಸರಿಯುವಷ್ಟರಲ್ಲಿ ಊಟಕ್ಕೆ ಕೂತಿದ್ದವರು ಎಲೆ ಬಿಟ್ಟು ಏಳುತ್ತಿದ್ದರು. ಅಣ್ಣನ ಸೊಸೆಯರು, ಅವರ ಮಕ್ಕಳು, ಕಡೆಗೆ ನನಗಿಂತ ದೊಡ್ಡವರೂ ಒಬ್ಬೊಬ್ಬರಾಗಿ ಬಂದು ಬಗ್ಗಿದರು. ಮಡಕೆಯಲ್ಲಿ ಉಳಿದ ಹಾಲು ಕೊತಕೊತ ಅನ್ನುವ ಸದ್ದು ಬಿಟ್ಟರೆ ಹೊಲದಲ್ಲಿ ಬೇರೆ ಸದ್ದಿರಲಿಲ್ಲ.

ಮಾರನೇ ದಿನದಿಂದ ನಮ್ಮ ಗೇಟಿನ ಹತ್ತಿರ ಹಾಲಿನ ತಂಬಿಗೆ ಕಾಣಿಸಿಕೊಂಡವು. ಯಾರು ಇಟ್ಟರು ಅಂತ ನೋಡಲು ಹೋದರೆ ಬೀದಿ ಖಾಲಿ. ತಂಬಿಗೆ ಮಾತ್ರ ಬಿಸಿ. ನೆಂಟರು ಹರಿಹರದಿಂದ ಬಂದು ಹಾಲ್‌ನಲ್ಲಿ ಕೂತು, ಏನೂ ಕೇಳದೆ, ನನ್ನನ್ನು ನೋಡಿ, ಎದ್ದು ಹೋಗುತ್ತಿದ್ದರು. ಹೋಗುವಾಗ ಬೆನ್ನು ತಿರುಗಿಸುತ್ತಿರಲಿಲ್ಲ. ಸುಳ್ಳು ಯಾಕೆ ಹೇಳಲಿ, ಮೊದಮೊದಲು ಒಂಥರಾ ಹಿತವಾಗಿತ್ತು. ಡಿಗ್ರಿ ತಗೊಂಡು ಬಂದಾಗ ಇಷ್ಟು ಜನ ಬಂದಿರಲಿಲ್ಲ.

ಒಂದು ಬೆಳಿಗ್ಗೆ ತಲೆ ಬಾಚಿಕೊಳ್ಳಲು ಕನ್ನಡಿ ಮುಂದೆ ನಿಂತೆ. ಕೆನ್ನೆ ಒಳಗೆ ಹೋಗಿ, ಗಲ್ಲದ ಮೂಳೆ ಮುಂದೆ ಬಂದು, ಕಣ್ಣು ಎರಡು ಗುಳಿಯಲ್ಲಿ ಕೂತಿದ್ದವು. ಹರಿಹರದ ಮನೆಯ ಗೋಡೆ ಮೇಲಿನ ಫೋಟೋ ನನ್ನ ಸೀರೆ ಉಟ್ಟುಕೊಂಡು ನಿಂತಿತ್ತು. ಬಾಚಣಿಗೆ ಎತ್ತಿದರೆ ಅವಳೂ ಎತ್ತಿದಳು. ಆವತ್ತು ಹಾಲು ಕುಡಿಯುವಾಗ ಅನ್ನಿಸಿತು: ಇದು ಇಳಿಯುತ್ತಿರುವುದು ನನ್ನ ಹೊಟ್ಟೆಗಲ್ಲ. ನಾನು ಕುಡಿಯುತ್ತೇನೆ, ಉಣ್ಣುವವಳು ಬೇರೆ. ಕುಡಿದಷ್ಟೂ ನಾನು ಸಣ್ಣಗಾಗುತ್ತಿದ್ದೆ, ಅವಳು ತುಂಬಿಕೊಳ್ಳುತ್ತಿದ್ದಳು. ಪಾಠ ಮಾಡುವಾಗ ಬಗ್ಗಿದರೆ ಎದೆಯೊಳಗೆ ಏನೋ ತುಳುಕುತ್ತಿತ್ತು, ಕೊಡದಲ್ಲಿನ ನೀರಿನಂಗೆ.

ಮಕ್ಕಳಿಗೆ ಜೀರ್ಣಾಂಗದ ಚಿತ್ರ ಬರೆದು ಕಲಿಸುವವಳು ನಾನು. ಬೋರ್ಡಿನ ಮೇಲೆ ಅನ್ನನಾಳವನ್ನು ಎರಡು ನೇರ ಗೆರೆ ಎಳೆದು ತೋರಿಸುತ್ತಿದ್ದೆ. ಆ ಎರಡು ಗೆರೆ ನನ್ನೊಳಗೂ ಇವೆ ಅಂತ ಹೊಳೆಯಲಿಲ್ಲ. ಅಥವಾ ಹೊಳೆದಿತ್ತೋ ಏನೋ, ಅಜ್ಜಿಗಿಂತ ಅದಕ್ಕೇ ಹೆಚ್ಚು ಹೆದರಿದ್ದೆ.

ನನ್ನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದದ್ದು ನನ್ನ ಗಂಡ. ಒಂದು ದಿನ ಪಾತ್ರೆ ತೊಳೆಯುವಾಗ ಬಳೆ ತಾವಾಗೇ ಕೈಯಿಂದ ಜಾರಿ ಬಚ್ಚಲಿಗೆ ಬಿದ್ದವು. ಅವರು ಅದನ್ನು ನೋಡಿದರು. ಆ ಹೊತ್ತಿಗೆ ಗೌರತ್ತೆಯೂ ಮನೆಯಲ್ಲಿದ್ದಳು.

"ಬಟ್ಟೆ ಬದಲಾಯಿಸು. ಡಾಕ್ಟ್ರ ಹತ್ರ ಹೋಗಾನ."

"ಅಳಿಯಂದ್ರೇ, ಬ್ಯಾಡ್ರಿ," ಗೌರತ್ತೆ ಎದ್ದು ನಿಂತಳು. "ಇದು ಹಿಡಿದಿರೋ ವ್ರತ. ನಡುವೆ ಮುರಿದ್ರೆ ಮನೆತನಕ್ಕೆ ಕೇಡು."

"ನಿಮ್ಮವ್ವ ನಿಮ್ಮ ಮನೇಲಿರ್ಲಿ, ಕೈ ಮುಗಿತೀನಿ. ಇವಳು ದೇವರಾದ್ರೆ ನಾನೇನ್ ಮಾಡ್ಲಿ? ನಂಗೆ ಹೆಂಡ್ತಿ ಬೇಕು. ಸುಮಾ, ಗಾಡಿ ಹತ್ತು."

ಹತ್ತಿದೆ. ಹಿಂದೆ ಕೂತಾಗ ನನ್ನ ಭಾರಕ್ಕೆ ಗಾಡಿ ತಗ್ಗಲೇ ಇಲ್ಲ ಅಂತ ಅವರು ಎಷ್ಟೋ ದಿನ ಆದ ಮೇಲೆ ಹೇಳಿದರು.

ಎಂಡೋಸ್ಕೋಪಿ ರೂಮಿನ ಹೊರಗೆ ಉದ್ದನೆ ಬೆಂಚು. ನನ್ನ ಪಕ್ಕದಲ್ಲಿ ಬಾತಿ ಊರಿನ ಕಡೆಯ ಒಬ್ಬಳು ಹೆಂಗಸು, ಅವಳ ಗಂಡ. ಆತ ಟವೆಲ್ಲಿನಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದ. ಅವಳು ಡಬ್ಬಿ ತೆಗೆದು ಅವನ ಮೂಗಿನ ಹತ್ತಿರ ಹಿಡಿದಳು. ಉಪ್ಪಿಟ್ಟು. ಆತ ಕಣ್ಣು ಮುಚ್ಚಿಕೊಂಡು ಉಸಿರೆಳೆದ. ಅವಳು ಮುಚ್ಚಳ ಹಾಕಿದಳು. ನಾನು ನೋಡುತ್ತಿರುವುದು ಕಂಡು, "ತಿನ್ನಕ್ಕೆ ಆಗಲ್ರಿ ಅಕ್ಕಾರೆ. ವಾಸನೆ ಆದ್ರೂ ನೋಡ್ಲಿ ಬಿಡ್ರಿ, ವಾಸನೆ ಇಳಿತೈತೆ," ಅಂದಳು. ಆಮೇಲೆ ಡಬ್ಬಿಯನ್ನು ನನ್ನ ಕಡೆಗೂ ಹಿಡಿದಳು. ಕರಿಬೇವು, ಹಸಿಮೆಣಸು, ತುಪ್ಪ. ನಾನು ಅತ್ತುಬಿಟ್ಟೆ. ಎಷ್ಟೋ ದಿನದ ಮೇಲೆ ಒಬ್ಬರು ನನಗೆ ಊಟ ತೋರಿಸಿದ್ದರು. ಉಳಿದವರೆಲ್ಲ ಕೈ ಮುಗಿದಿದ್ದರು.

ಒಳಗೆ ಗಂಟಲಿಗೆ ಔಷಧ ಹೊಡೆದು ಮರಗಟ್ಟಿಸಿ, ಎಡಮಗ್ಗುಲಿಗೆ ಮಲಗಿಸಿ, ಬಾಯಿಗೆ ಒಂದು ಬಳೆಯಂಥದ್ದು ಸಿಕ್ಕಿಸಿದರು. ಕ್ಯಾಮೆರಾ ಇಳಿಯಿತು. ತೆರೆ ನನಗೂ ಕಾಣುತ್ತಿತ್ತು. ಮೊದಲು ನಸುಗೆಂಪು ಗುಹೆ. ಆಮೇಲೆ ಒಮ್ಮೆಲೇ ಬಿಳಿ.

"ಬೆಳಿಗ್ಗೆ ಹಾಲು ಕುಡಿದ್ರಾ ಮೇಡಂ? ಖಾಲಿ ಹೊಟ್ಟೇಲಿ ಬರ್ಬೇಕು ಅಂದಿದ್ವಲ್ಲ?"

ಇಲ್ಲ ಅಂತ ತಲೆ ಅಲ್ಲಾಡಿಸಿದೆ. ಕುಡಿದದ್ದು ಹಿಂದಿನ ದಿನ. ಅದು ಹೊಟ್ಟೆ ಮುಟ್ಟಿರಲಿಲ್ಲ. ಎದೆಯ ನಡುವೆ ನಿಂತು ಒಡೆದು ಮೊಸರಾಗಿತ್ತು. ತೆರೆಯ ಮೇಲೆ ಆ ಬಿಳಿಯ ಗಟ್ಟಿಗಳು ನನ್ನ ಉಸಿರಿಗೆ ಸರಿಯಾಗಿ ಮೇಲೆ ಕೆಳಗೆ ಆಡುತ್ತಿದ್ದವು. ಡಾಕ್ಟರು ಅದನ್ನು ನಳಿಕೆಯಲ್ಲಿ ಹೀರಿ ತೆಗೆದರು. ಅದರ ಕೆಳಗೆ ದಾರಿ ಇರಲಿಲ್ಲ. ಹುಣ್ಣು ಬಿದ್ದ, ಗಂಟುಗಂಟಾದ ಮಾಂಸ, ನಡುವೆ ಕಡ್ಡಿ ತೂರುವಷ್ಟು ಸಂದಿ.

ರಿಪೋರ್ಟ್ ಬಂದ ದಿನ ಡಾಕ್ಟರು ನನ್ನನ್ನು ಹೊರಗೆ ಕೂರಿಸಿ ಗಂಡನನ್ನು ಕರೆದರು. ನಾನು ಬಾಗಿಲು ನೂಕಿಕೊಂಡು ಹೋದೆ. "ನಾನು ಬಿಎಸ್ಸಿ ಓದಿದೀನಿ ಡಾಕ್ಟ್ರೇ. ರೋಗ ನಂದು. ನನ್ನ ಮುಂದೆ ಹೇಳಿ." ಅವರು ಕುರ್ಚಿ ತೋರಿಸಿ ಹೇಳಿದರು. ಕ್ಯಾನ್ಸರ್ ಅಂತ ಕೇಳಿದಾಗ ನನಗೆ ಮೊದಲು ಆದದ್ದು ಹೆದರಿಕೆ ಅಲ್ಲ, ನಂಬಿದರೆ ನಂಬಿ, ಒಂದು ನಿರಾಳ. ಒಳಗೆ ಇದ್ದದ್ದು ಅಜ್ಜಿ ಅಲ್ಲ. ಹೆದರಿಕೆ ಮೆಟ್ಟಿಲು ಇಳಿಯುವಾಗ ಬಂತು. ಅರ್ಧಕ್ಕೆ ನಿಂತು ಗಂಡನ ತೋಳು ಹಿಡಿದುಕೊಂಡೆ.

ಸುದ್ದಿ ಹರಡಿದ ಮೇಲೆ ಗೇಟಿನ ಹತ್ತಿರದ ತಂಬಿಗೆ ನಿಂತವು. ಬದಲಿಗೆ ಫೋನ್ ಬಂದವು. ನಾದಿನಿ ಯಾವುದೋ ವಿಡಿಯೋ ಕಳಿಸಿದಳು, ಹಾಲೇ ವಿಷ, ಹಾಲಿನಿಂದಲೇ ಕ್ಯಾನ್ಸರ್ ಅಂತ ಒಬ್ಬ ಕೂಗುತ್ತಿದ್ದ. ಗಂಡ ಹೆದರಿ ಹಾಲು, ಮೊಸರು, ಬೆಣ್ಣೆ ಎಲ್ಲ ಕೆಲಸದವಳಿಗೆ ಕೊಟ್ಟು ಫ್ರಿಜ್ ತೊಳೆದರು. ಅದೇ ದಿನ ಅಣ್ಣ ಫೋನಿನಲ್ಲಿ, "ಹಾಲು ಕುಡಿದಿದ್ದಕ್ಕೇ ಇಷ್ಟು ದಿನ ಉಳಿದೀಯ, ಬಿಡಬ್ಯಾಡ," ಅಂದ. ಅಪ್ಪ ಜೀವಮಾನವೆಲ್ಲ ಹಾಕಿದ ಹಾಲು, ನನ್ನನ್ನು ಓದಿಸಿದ ಹಾಲು, ಅದೇ ನನ್ನನ್ನು ಕೊಲ್ಲುತ್ತಿದೆಯಾ? ಇದನ್ನು ನನಗೆ ಬಿಡಿಸಿಕೊಳ್ಳಲೇಬೇಕಿತ್ತು. ಡಾಕ್ಟರನ್ನು ಕೇಳಿದೆ.

"ಹಾಲಿನ ಮೇಲೆ ತಪ್ಪು ಹೊರಿಸೋಕೆ ನನ್ನ ಹತ್ರ ಪುರಾವೆ ಇಲ್ಲ ಮೇಡಂ. ಕೆಲವು ಕಡೆ ಓದಿದ್ರೆ ಹಾಲು ಕುಡಿಯೋರಿಗೆ ಈ ಕಾಯಿಲೆ ಕಮ್ಮಿ ಅಂತಿರುತ್ತೆ, ಕೆಲವು ಕಡೆ ಜಾಸ್ತಿ ಅಂತಿರುತ್ತೆ. ಒಂದೇ ಮಾತಲ್ಲಿ ಹೇಳೋ ವಿಷಯ ಅಲ್ಲ. ಹೊಗೆಸೊಪ್ಪು, ಅಡಿಕೆ, ಕುಡಿತ, ಏನಾದ್ರೂ?"

"ಯಾವುದೂ ಇಲ್ಲ."

"ಚಾ, ಹಾಲು ಹೆಂಗೆ ಕುಡಿತೀರಿ? ತುಂಬಾ ಬಿಸಿನಾ?"

ನಾನು ಗಂಡನ ಮುಖ ನೋಡಿದೆ. ಗದ್ದುಗೆಯ ಹಾಲಿನ ವಿಷಯ ಹೇಳಿದೆ. ಡಾಕ್ಟರು ಪೆನ್ನು ಕೆಳಗಿಟ್ಟರು.

"ಚಿಕ್ಕಂದಿನಿಂದಾನಾ?"

"ಹಾಲು ಕುಡಿಯೋಕೆ ಬಂದಾಗಿನಿಂದ."

"ಅದೇ ಕಾರಣ ಅಂತ ನಾನು ಹೇಳಲ್ಲ. ಅದು ಯಾರಿಗೂ ಗೊತ್ತಾಗಲ್ಲ. ಆದ್ರೆ ನಂಗೆ ಅನುಮಾನ ಹಾಲಿನ ಮೇಲಲ್ಲ, ಬಿಸಿ ಮೇಲೆ. ದಿನಾ ಸುಟ್ಟ ಜಾಗ ಅದು."

ಇಷ್ಟೇ ನನಗೆ ಸಿಕ್ಕ ಉತ್ತರ. ಇದನ್ನು ಓದುವವರಿಗೂ ಇದಕ್ಕಿಂತ ಹೆಚ್ಚು ಹೇಳಲಾರೆ. ಹಾಲು ಬಿಡಿ ಅಂತ ಹೇಳಲ್ಲ, ಕುಡಿಯಿರಿ ಅಂತಲೂ ಹೇಳಲ್ಲ. ಕುಡಿಯುವುದಾದರೆ ಬಿಸಿ ಆರಿಸಿಕೊಂಡು ಕುಡಿಯಿರಿ ಅಂತ ಮಾತ್ರ ಹೇಳುತ್ತೇನೆ.

ಕೀಮೋ, ರೇಡಿಯೇಷನ್, ಆಮೇಲೆ ಆಪರೇಷನ್. ರೇಡಿಯೇಷನ್ ರೂಮಿನಲ್ಲಿ ಎಲ್ಲರೂ ಹೊರಗೆ ಹೋಗಿ ದಪ್ಪ ಬಾಗಿಲು ಹಾಕುತ್ತಾರೆ, ನಾವೊಬ್ಬರೇ. ಮುಟ್ಟುವವರಿಲ್ಲ, ನೋವಿಲ್ಲ, ಒಂದು ಗುಂಯ್ ಅನ್ನುವ ಸದ್ದು. ಆದರೆ ದಿನ ಕಳೆದಂತೆ ಒಳಗೆ ಮತ್ತೆ ಅದೇ ಉರಿ, ಚಿಕ್ಕಂದಿನ ಸಂಜೆಗಳ ಉರಿ. ಆಪರೇಷನ್‌ನಲ್ಲಿ ಕೆಟ್ಟ ಅನ್ನನಾಳ ತೆಗೆದು, ಹೊಟ್ಟೆಯನ್ನೇ ಕೊಳವೆಯಂತೆ ಮಾಡಿ ಮೇಲಕ್ಕೆಳೆದು ಹೊಲಿದರು. ಎಚ್ಚರವಾದಾಗ ಹೊಟ್ಟೆಯ ಪಕ್ಕದಲ್ಲಿ ಸಣ್ಣ ನಳಿಕೆ. ನರ್ಸ್ ಅದಕ್ಕೆ ಬೆಳ್ಳಗಿನ ಆಹಾರ ಬಿಡುತ್ತಿದ್ದಳು. ಬಾಯಿಗೆ ರುಚಿಯಿಲ್ಲ, ನಾಲಿಗೆ ಒಣಗಿದೆ, ಹೊಟ್ಟೆ ಮಾತ್ರ ತುಂಬುತ್ತದೆ. ನಾನಿಲ್ಲದೆ ನನ್ನ ಊಟ ನಡೆಯುತ್ತಿತ್ತು. ಆ ದಿನಗಳಲ್ಲಿ ನನ್ನನ್ನು ಹಿಡಿದುಕೊಂಡದ್ದು ಒಬ್ಬ ನರ್ಸಿನ ಮಾತು. ದಿನಾ ನಳಿಕೆಗೆ ಬಿಡುವ ಮುಂಚೆ, "ಅಮ್ಮಾ, ಇವತ್ತು ಚಿತ್ರಾನ್ನ ಅಂದ್ಕಳಿ," "ಇವತ್ತು ಹುಗ್ಗಿ," ಅಂತ ಹೆಸರು ಹೇಳುತ್ತಿದ್ದಳು.

ಗೌರತ್ತೆ ವಾರ್ಡಿಗೆ ಬಂದಳು. ನಳಿಕೆ ನೋಡಿದಳು. ಸ್ಟೂಲು ಎಳೆದುಕೊಂಡು ಕೂತಳು.

"ಸುಮಾ, ನಿಂಗೆ ಹಸಿವಾಗ್ತಿತ್ತಾ? ಆವಾಗ, ಬರೀ ಹಾಲು ಕುಡಿಯುವಾಗ?"

"ಆಗ್ತಿತ್ತತ್ತೆ. ದಿನಾ ಆಗ್ತಿತ್ತು. ರೊಟ್ಟಿ ಬಡಿಯೋ ಸದ್ದು ಕೇಳಿದ್ರೆ ಬಾಯಲ್ಲಿ ನೀರು ಬರ್ತಿತ್ತು. ಇಳೀತಿರ್ಲಿಲ್ಲ ಅಷ್ಟೇ."

"ನಮ್ಮವ್ವ ಕಡ್ಡಿಪುಡಿ ಹಾಕ್ತಿದ್ಲು," ಅಂದಳು. ಸಂಬಂಧವಿಲ್ಲದ ಮಾತಿನಂತೆ, ಕಿಟಕಿ ಕಡೆ ನೋಡುತ್ತಾ. "ಬಾಯಿ ತುಂಬಾ ಎಲೆ, ಹೊಗೆಸೊಪ್ಪಿನ ಕಡ್ಡಿಪುಡಿ. ಆಮೇಲೆ ಊಟ ಬಿಟ್ಲು. ನಾನಾಗ ಲಂಗದ ಹುಡುಗಿ. ಕಡೆಕಡೆಗೆ ಅವ್ವಂಗೆ ಮಾತೂ ಬರ್ತಿರ್ಲಿಲ್ಲ. ನಾನು ಒಲೆ ಮುಂದೆ ರೊಟ್ಟಿ ಬಡಿತಿದ್ರೆ ಅವ್ವ ಗೋಡೆಗೆ ಒರಗಿ ಕೂತು ಕೈ ಚಾಚೋಳು. ಜನ ಎಲ್ಲ ಆಶೀರ್ವಾದ ಮಾಡ್ತಾಳೆ ಅನ್ನೋರು. ಸಾಲಾಗಿ ಬಂದು ಆ ಕೈ ಕೆಳಗೆ ತಲೆ ಕೊಡೋರು. ಅವ್ವ ತಲೆಗಳನ್ನ ಸರಿಸ್ತಿದ್ಲು ಸುಮಾ. ಆ ಕಡೆ ಈ ಕಡೆ. ನಾನು ನೋಡಿದೀನಿ. ತಲೆ ಸವರ್ತಾಳೆ ಅಂದ್ಕೊಂಡಿದ್ದೆ. ಅವಳ ಕೈ ಬರ್ತಿದ್ದುದು ರೊಟ್ಟಿ ಬುಟ್ಟಿ ಕಡೆಗೆ."

ನನ್ನ ಕೈ ಹಾಸಿಗೆ ಮೇಲಿತ್ತು. ಅದನ್ನು ಎತ್ತಲು ನನಗೆ ಧೈರ್ಯ ಬರಲಿಲ್ಲ.

ಈಗ ನಾನು ಮತ್ತೆ ಸ್ಕೂಲಿಗೆ ಹೋಗುತ್ತೇನೆ. ಸ್ವಲ್ಪ ಸ್ವಲ್ಪವೇ ಉಣ್ಣುತ್ತೇನೆ, ಉಂಡ ಕೂಡಲೇ ಮಲಗುವ ಹಾಗಿಲ್ಲ, ತಲೆದಿಂಬು ಎತ್ತರಕ್ಕೆ. ಡಾಕ್ಟರ ಹತ್ತಿರ ಹೋಗುವ ದಿನ ಬಂದರೆ ಈಗಲೂ ಹೆದರುತ್ತೇನೆ. ಹಾಲು ಕುಡಿಯುತ್ತೇನೆ, ಆರಿಸಿ.

ಮುಂದಿನ ಶ್ರಾವಣಕ್ಕೆ ಗದ್ದುಗೆಗೆ ಹೋದೆ. ಹೋಗುವುದು ಬೇಡ ಅಂತ ಗಂಡ ಹೇಳಿದರು, ನಾನೇ ಹಟ ಮಾಡಿದೆ. ಅಲ್ಲಿ ಗೌರತ್ತೆ ಎರಡು ಲೋಟ ಹಿಡಿದು ಎತ್ತೆತ್ತಿ ಹೊಯ್ದು ಮಕ್ಕಳ ಹಾಲು ಆರಿಸುತ್ತಿದ್ದಳು. ಯಾರೋ ಏನೋ ಅಂದರು. "ನಮ್ಮವ್ವನ ಹತ್ರ ನಾನು ಮಾತಾಡ್ತೀನಿ, ನೀನ್ ಸುಮ್ನಿರು," ಅಂದಳು.

ಆದರೂ ಜನ ನನ್ನನ್ನು ಬಿಡಲಿಲ್ಲ. ಕ್ಯಾನ್ಸರ್ ಬಂದೂ ಉಳಿದಳು ಅಂದರೆ ಅಜ್ಜಿ ಒಳಗೇ ಇದ್ದಾಳೆ ಅಂತ ಅವರಿಗೆ ಇನ್ನೂ ಗಟ್ಟಿಯಾಗಿತ್ತು. ಬೇವಿನ ಮರದ ಕೆಳಗೆ ಚಾಪೆ ಹಾಸಿ ಕೂರಿಸಿದರು. ಸುತ್ತ ನಿಂತರು. ಒಬ್ಬ ಹೆಂಗಸು, ನಾನು ಗುರುತು ಹಿಡಿಯದವಳು, ಮಗುವನ್ನು ನನ್ನ ಕಾಲ ಹತ್ತಿರ ಮಲಗಿಸಿದಳು. ಮತ್ತೆ ಅದೇ ಮೌನ. ಅಷ್ಟು ಜನದ ಕಣ್ಣಲ್ಲಿ ನಾನಿರಲಿಲ್ಲ. ಆ ಮೌನದಲ್ಲಿ ಒಂದು ಕ್ಷಣ ನನಗೇ ಅನುಮಾನ ಬಂತು, ಬಾಯಿ ತೆರೆದರೆ ಯಾರ ದನಿ ಬರುತ್ತದೋ ಅಂತ.

ಬಾಯಿ ತೆರೆದೆ.

"ನಂಗೆ ಹಸಿವಾಗೈತೆ," ಅಂದೆ. ಯಾರೂ ಅಲ್ಲಾಡಲಿಲ್ಲ. ಇನ್ನೊಂದು ಸಲ, ಕ್ಲಾಸಿನಲ್ಲಿ ಕಡೇ ಬೆಂಚಿಗೆ ಕೇಳುವಷ್ಟು ಜೋರಾಗಿ: "ಹಸಿವಾಗೈತ್ರಿ. ರೊಟ್ಟಿ ಕೊಡ್ರಿ."

ಗೌರತ್ತೆ ಜನರನ್ನು ಸರಿಸಿಕೊಂಡು ಬಂದಳು. ಬಿಸಿರೊಟ್ಟಿಯನ್ನು ಸಣ್ಣಗೆ ಮುರಿದು, ಬೇಳೆಸಾರಿನಲ್ಲಿ ನೆನೆಸಿ, ಬೆರಳಿನಿಂದ ಮುಟ್ಟಿ ನೋಡಿ, ಊಫ್ ಊಫ್ ಅಂತ ಊದಿ, ತುತ್ತು ಬಾಯಿಗಿಟ್ಟಳು. ನಾನು ಅಗಿದೆ. ಬಹಳ ಹೊತ್ತು ಅಗಿದೆ. ನುಂಗಿದೆ. ಹೊಲಿಗೆ ಹಾಕಿದ ಕಡೆ ಅದು ಒಮ್ಮೆ ನಿಂತಿತು, ಈಗಲೂ ಹಂಗೆ ನಿಲ್ಲುತ್ತದೆ. ಗೌರತ್ತೆಯ ಕೈ ತಟ್ಟೆಯ ಮೇಲೆ ಹಾಗೇ ನಿಂತುಬಿಟ್ಟಿತು.

ಆಮೇಲೆ ಇಳಿಯಿತು.

"ಇನ್ನೊಂಚೂರು ಹಾಕ್ಲಾ?" ಅಂದಳು ಅತ್ತೆ.

"ಹಾಕು," ಅಂದೆ.